ಮೋಡಕಾ ಗಾಡಿಯಿಂದ ಇಳಿದು ಬಂದ ಗುಡ್ಡದ ಸೈಕಲ್ಲು

ಹಿರೇವಡ್ಡಟ್ಟಿ: ಬಸ್ಸಿಗೆ ಕಾಯುವ ಹೊತ್ತೆಂದರೆ ಊರಿನ ಸಮಾಚಾರ ಪುಕ್ಕಟೆ ಸಿಗುವ ಹೊತ್ತು. ಹೋದ ತಿಂಗಳು ಇಲ್ಲಿ ಮುಂಡರಗಿ ಬಸ್ಸಿನ ದಾರಿ ನೋಡುತ್ತ ನಿಂತಿದ್ದೆ. ಎದುರಿಗೆ ಮೋಡಕಾ ಸಾಮಾನಿನ ಗಾಡಿ ಬಂದು ನಿಂತಿತು. ತಗಡಿನ ಡಬ್ಬಿ, ತೂತು ಬಿದ್ದ ಕೊಡ, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ. ಎಲ್ಲದರ ಮೇಲೆ ಅಡ್ಡ ಮಲಗಿಸಿದ ಒಂದು ಸೈಕಲ್ಲು. ನಮ್ಮ ಅಪ್ಪಂದಿರು ಹೊಡೆಯುತ್ತಿದ್ದ ಕರಿ ಸೈಕಲ್ಲಲ್ಲ ಅದು. ದಪ್ಪ ಟೈರು, ನೆಟ್ಟಗಿನ ಹ್ಯಾಂಡಲ್ಲು, ಹಿಂದಿನ ಗಾಲಿಗೆ ಐದು ಗೇರು. ಕಂಪನಿಯ ಹೆಸರು ಅಳಿಸಿಹೋಗಿತ್ತು. ಬಣ್ಣ ಒಂದಾನೊಂದು ಕಾಲಕ್ಕೆ ಹಸಿರು ಇದ್ದಿರಬೇಕು.

ಅಷ್ಟರಲ್ಲಿ ಓಣಿಯಿಂದ ಒಬ್ಬ ಹುಡುಗ ಓಡುತ್ತ ಬಂದ. ಇಪ್ಪತ್ತಮೂರೋ ಇಪ್ಪತ್ನಾಲ್ಕೋ ವಯಸ್ಸು. ಎಡಗೈ ಇನ್ನೂ ಪೂರ್ತಿ ಚಾಚಲು ಬರುತ್ತಿರಲಿಲ್ಲ.

"ಗಾಡಿ ನಿಲ್ಲಸ್ರಿ! ಆ ಸೈಕಲ್ ನಂದು!"

"ನಿಂದು ಹೆಂಗ ಆಗ್ತದ ತಮ್ಮಾ? ತೂಗಿ ರೊಕ್ಕಾ ಕೊಟ್ಟೀನಿ. ಹೋಗಿ ನಿಮ್ಮವ್ವನ್ನ ಕೇಳು."

ಜನ ಕೂಡಿತು. ಮೋಡಕಾದವನೇನು ಸುಳ್ಳು ಹೇಳುತ್ತಿರಲಿಲ್ಲ. ಹದಿನೆಂಟು ಕಿಲೋ ತೂಗಿ, ಕಬ್ಬಿಣದ ದರ ಹಾಕಿ, ನಾಲ್ಕುನೂರಾ ಐವತ್ತು ರೂಪಾಯಿ ಎಣಿಸಿ ಕೊಟ್ಟಿದ್ದ. ಹುಡುಗ ಅಂಗಿಯ ಕಿಸೆ, ಪ್ಯಾಂಟಿನ ಕಿಸೆ ಎಲ್ಲ ತಡಕಾಡಿ ನಾಲ್ಕುನೂರು ತೆಗೆದ. ಉಳಿದ ನೂರು ಬಾಜೂಕಿನ ಕಿರಾಣಿ ಅಂಗಡಿಯವರ ಹತ್ತಿರ ಕೈಗಡ ಇಸಿದುಕೊಂಡ. ಐನೂರಕ್ಕೆ ವ್ಯಾಪಾರ ಮುಗಿಯಿತು. ಅವ್ವ ತೂಕಕ್ಕೆ ಹಾಕಿದ್ದನ್ನು ಅರ್ಧ ತಾಸಿನಲ್ಲಿ ಮಗ ಐವತ್ತು ರೂಪಾಯಿ ಲುಕ್ಸಾನಿನಲ್ಲಿ ವಾಪಸ್ ಕೊಂಡ. ನೋಡುತ್ತ ನಿಂತವರು ನಕ್ಕಿದ್ದೇ ನಕ್ಕಿದ್ದು.

ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ದನದ ಕೊಟ್ಟಿಗೆಯಲ್ಲಿ ಐದು

ಹುಡುಗನ ಮನೆಗೆ ಹೋದೆ. ಎತ್ತು ಮಾರಿದ ಮೇಲೆ ಖಾಲಿ ಬಿದ್ದ ಕೊಟ್ಟಿಗೆಯಲ್ಲಿ ಸಾಲಾಗಿ ನಾಲ್ಕು ಸೈಕಲ್ಲು. ತಂದದ್ದು ಸೇರಿ ಐದು. ಒಂದು ಅಜ್ಜನ ಕಾಲದ ಕರಿ ಸೈಕಲ್ಲು, ಸರಳಿನ ಬ್ರೇಕಿನದು. ಮಿಕ್ಕ ನಾಲ್ಕೂ 1990ರ ದಶಕದ ದಪ್ಪ ಟೈರಿನವು. ರೇಂಜರ್ ಅಂತಲೋ ಎಂಟಿಬಿ ಅಂತಲೋ ನಾವೆಲ್ಲ ಕರೆಯುತ್ತಿದ್ದೆವಲ್ಲ, ಕಾಲೇಜು ಹುಡುಗರು ಒಂದು ಗತ್ತಿನಿಂದ ಹೊಡೆಯುತ್ತಿದ್ದರಲ್ಲ, ಆ ಜಾತಿಯವು. ಒಂದನ್ನು ಎರಡು ಚೀಲ ಶೇಂಗಾ ಹೊಟ್ಟು ಕೊಟ್ಟು ತಂದನಂತೆ. ಇನ್ನೊಂದನ್ನು ಬಾಡಿಗೆ ಮನೆ ಖಾಲಿ ಮಾಡುವವರು "ಒಯ್ಯಪಾ, ಜಾಗ ಆಗ್ತದ" ಎಂದು ಪುಕ್ಕಟೆ ಕೊಟ್ಟರಂತೆ.

"ಹೆಸರು ಮಾತ್ರ ಹಾಕಬ್ಯಾಡ್ರಿ ಸರ" ಎಂದ. "ಮೋಡಕಾ ಕೂಡಿಸೋ ಹುಡುಗಗ ಹೆಣ್ಣು ಯಾರು ಕೊಡ್ತಾರ?"

ಹೆಸರು ಹಾಕಿಲ್ಲ. ಹೆಣ್ಣಿನವರು ನಿಶ್ಚಿಂತೆಯಿಂದ ಓದಬಹುದು.

ತಾಯಿ ಯಾಕೆ ಮಾರಿದಳು? ಆ ಹಸಿರು ಸೈಕಲ್ಲು ಹುಡುಗನ ಸೋದರಮಾವನದು. 1996ರಲ್ಲಿ ಮಾವ ಗದಗಿನ ಕಾಲೇಜಿಗೆ ಹೋಗುವಾಗ ಕೊಂಡದ್ದು. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದದ್ದನ್ನು ಅಳಿಯ ಇಳಿಸಿ, ಒರೆಸಿ, ಗಾಳಿ ಹೊಡೆದು, ಶ್ರಾವಣ ಸೋಮವಾರ ಕಪ್ಪತಮಲ್ಲಯ್ಯನ ದರ್ಶನಕ್ಕೆಂದು ಗುಡ್ಡ ಹತ್ತಿಸಿದ. ಹತ್ತುವಾಗ ಎಲ್ಲ ಸುರಳೀತ. ಇಳಿಯುವಾಗ ಜಿಟಿಜಿಟಿ ಮಳೆ ಹತ್ತಿತು. ಬ್ರೇಕು ಒತ್ತಿದ, ಹಿಡಿಯಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದ, ತಂತಿ ಹರಿಯಿತು. ತಿರುವಿನಲ್ಲಿ ಕಲ್ಲಿನ ಮೇಲೆ ಬಿದ್ದ. ಮುಂಗೈ ಮುರಿಯಿತು. ದೇವರ ದಯೆ, ತಲೆಗೆ ಏನೂ ಆಗಲಿಲ್ಲ.

"ಕೈ ಮುರದದ್ದು ಸೈಕಲ್ಲಲ್ಲ ಸರ, ನಾ. ಟೈರ್ ನೋಡಿದೆ, ಬಣ್ಣಾ ನೋಡಿದೆ. ಬ್ರೇಕ್ ನೋಡಲಿಲ್ಲ."

ತಾಯಿ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ಒಳಗೆ ಬರಲಿಲ್ಲ. "ಅಣ್ಣಾರ, ನೀವರ ನಾಲ್ಕು ಮಾತು ಬುದ್ಧಿ ಹೇಳ್ರಿ. ಒಬ್ಬನ ಮಗಾ ಅದಾನ" ಎಂದಷ್ಟೇ ಹೇಳಿ ಹೋದರು. ಅವರ ಸಿಟ್ಟಿನಲ್ಲಿ ತಪ್ಪೇನಿದೆ, ನೀವೇ ಹೇಳಿ.

ಅಮೆರಿಕದಲ್ಲೂ ಮೋಡಕಾದಿಂದಲೇ ಹುಟ್ಟಿತು

ಬ್ರೇಕಿನ ಮಾತು ಬಂತಲ್ಲ, ಅದಕ್ಕೇ ಒಂದು ದೂರದ ಕಥೆ ಹೇಳಬೇಕು. ಈ ಗುಡ್ಡದ ಸೈಕಲ್ಲು ಮೊದಲು ಹುಟ್ಟಿದ್ದು ಯಾವ ಕಾರಖಾನೆಯಲ್ಲೂ ಅಲ್ಲ, ಹಳೇ ಸಾಮಾನಿನ ರಾಶಿಯಲ್ಲಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಶಹರದ ಉತ್ತರಕ್ಕೆ ಮರಿನ್ ಎಂಬ ಜಿಲ್ಲೆ. ಅಲ್ಲಿ ಟಮಾಲ್ಪಾಯಸ್ ಎಂಬ ಗುಡ್ಡ. 1970ರ ದಶಕದಲ್ಲಿ ಅಲ್ಲಿಯ ಪಡ್ಡೆ ಹುಡುಗರು 1930-40ರ ದಶಕದ ಭಾರೀ ಸೈಕಲ್ಲುಗಳನ್ನು ಮೂರು ಕಾಸು ಆರು ಕಾಸಿಗೆ ಹುಡುಕಿ ತಂದು, ಮಡ್‌ಗಾರ್ಡು ಕಿತ್ತೆಸೆದು, ಮಣ್ಣಿನ ಹಾದಿಯಲ್ಲಿ ಮೇಲಿಂದ ಕೆಳಗೆ ಬಿಡತೊಡಗಿದರು. ಹೆಚ್ಚಿನವು ಶ್ವಿನ್ ಎಂಬ ಕಂಪನಿಯವು. ಗಡಗಡ ಸದ್ದು ಮಾಡುತ್ತವೆಂದು ಅವರೇ ಇಟ್ಟ ಹೆಸರು 'ಕ್ಲಂಕರ್'. 1976ರ ಅಕ್ಟೋಬರ್ 21ರಂದು ಒಂದು ಪಂದ್ಯವನ್ನೇ ಇಟ್ಟರು. ಸುಮಾರು ಎರಡು ಮೈಲಿ ಹಾದಿ, 1,300 ಅಡಿ ಇಳಿಜಾರು.

ಅವರಿಗೂ ಬ್ರೇಕಿನದೇ ಪೀಡೆ. ಆ ಹಳೇ ಸೈಕಲ್ಲಿಗೆ ಇದ್ದದ್ದು ಪೆಡಲ್ ಹಿಂದಕ್ಕೆ ತುಳಿದರೆ ಹಬ್ಬಿನೊಳಗೆ ಹಿಡಿಯುವ ಬ್ರೇಕು. ಒಂದು ಸಲ ಗುಡ್ಡ ಇಳಿಯುವುದರೊಳಗೆ ಹಬ್ಬು ಕಾದು, ಒಳಗಿನ ಗ್ರೀಸು ಸುಟ್ಟು ಹೊಗೆ ಬರುತ್ತಿತ್ತು. ಮತ್ತೆ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಹೀಗೆ ಮರಳಿ ತುಂಬುವುದಕ್ಕೆ ಇಂಗ್ಲಿಷಿನಲ್ಲಿ 'ರೀಪ್ಯಾಕ್' ಎನ್ನುತ್ತಾರೆ. ಆ ಹಾದಿಗೇ ರೀಪ್ಯಾಕ್ ಎಂದು ಹೆಸರಾಯಿತು.

ಮುಂದಿನದೆಲ್ಲ ಬೆಳವಣಿಗೆ. 1977ರಲ್ಲಿ ಜೋ ಬ್ರೀಝ್ ಎಂಬಾತ ಗುಡ್ಡಕ್ಕೆಂದೇ ಹೊಸ ಫ್ರೇಮು ಕಟ್ಟಿದ. 1979ರಲ್ಲಿ ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಕೂಡಿ 'ಮೌಂಟನ್‌ಬೈಕ್ಸ್' ಎಂಬ ಅಂಗಡಿ ತೆಗೆದರು. ಟಾಮ್ ರಿಚಿ ಎಂಬಾತ ಫ್ರೇಮು ಬೆಸೆದುಕೊಟ್ಟ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ 'ಸ್ಟಂಪ್‌ಜಂಪರ್' ಕಾರಖಾನೆಯಲ್ಲಿ ರಾಶಿರಾಶಿಯಾಗಿ ತಯಾರಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಗುಡ್ಡದ ಸೈಕಲ್ಲಿನ ಪಂದ್ಯ ಸೇರಿಕೊಂಡಿತು. ನಮ್ಮ ಹುಡುಗನ ಮಾವ ಗದಗಿನಲ್ಲಿ ಹಸಿರು ಸೈಕಲ್ಲು ಕೊಂಡದ್ದೂ ಅದೇ ವರ್ಷ! ಇನ್ನು 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಮ್ಮ ಗದಗಿನಲ್ಲೇ ನಡೆಯಿತು. ಸೈಕಲ್ ಪಂದ್ಯವೆಂದರೆ ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಕಡೆಯ ಮಕ್ಕಳ ಹೆಸರು ಬಾರದೆ ಇರುವುದಿಲ್ಲ. ಅಂಥ ಸೀಮೆಯಲ್ಲಿ ಹಳೇ ಸೈಕಲ್ಲಿಗೆ ಕಿಲೋ ಲೆಕ್ಕದ ಬೆಲೆ!

26 ಇಂಚಿನ ಗೊಂದಲ

ಅಂಗಡಿಕಾರರು ಇದನ್ನು ಮಾತ್ರ ಕತ್ತರಿಸಿ ಇಟ್ಟುಕೊಳ್ಳಬೇಕು. ಹಳೇ ಸೈಕಲ್ಲು ಅಟ್ಟದಿಂದ ಇಳಿಸಿದವರು ಮೊದಲು ಕೇಳುವುದು ಟೈರು. "26 ಇಂಚಿಂದು ಕೊಡ್ರಿ" ಅನ್ನುತ್ತಾರೆ. ಕೊಟ್ಟದ್ದು ಕೂಡುವುದಿಲ್ಲ. ಜಗಳ ಶುರು.

ಸಂಗತಿ ಏನೆಂದರೆ, 26 ಎಂಬ ಹೆಸರಿನ ಟೈರು ಒಂದೇ ಅಲ್ಲ. ಸಣ್ಣ ಕರಿ ಸೈಕಲ್ಲಿಗೂ ಲೇಡೀಜ್ ಸೈಕಲ್ಲಿಗೂ ಬರುವ 26 × 1⅜ ಟೈರು ಕೂಡುವ ರಿಮ್ಮಿನ ಅಳತೆ 590 ಮಿಲಿಮೀಟರು. ದಪ್ಪ ಟೈರಿನ ಗುಡ್ಡದ ಸೈಕಲ್ಲಿನದು 559. ಹೆಸರು ಒಂದೇ, ನಡುವೆ 31 ಮಿಲಿಮೀಟರಿನ ಅಂತರ. ಯಾವ ಬಲಭೀಮ ಎಳೆದರೂ ಒಂದು ಇನ್ನೊಂದಕ್ಕೆ ಕೂಡದು. ಅಜ್ಜನ ದೊಡ್ಡ ಸೈಕಲ್ಲಿನ 28 × 1½ ಅಂತೂ 635. ಟೈರಿನ ಬಗಲಿಗೆ ಸಣ್ಣ ಅಕ್ಷರದಲ್ಲಿ 47-559 ಎಂಬಂತೆ ಎರಡು ಅಂಕಿ ಇರುತ್ತವೆ. ಮೊದಲಿನದು ದಪ್ಪ, ಎರಡನೆಯದು ರಿಮ್ಮಿನ ಅಳತೆ. ಎರಡನೆಯದು ಕೂಡಿದರೆ ಟೈರು ಕೂಡಿತು. ದಪ್ಪ ಒಂದಿಷ್ಟು ಹೆಚ್ಚುಕಮ್ಮಿ ಆದರೂ ನಡೆಯುತ್ತದೆ.

ಈ 559 ಎಂಬುದು ಎಲ್ಲಿಂದ ಬಂತು ಬಲ್ಲಿರಾ? 1933ರಲ್ಲಿ ಶ್ವಿನ್ ಕಂಪನಿ ಬಲೂನಿನಂಥ ದಪ್ಪ ಟೈರು ತಂದಿತು. ಅದೇ ಸೈಕಲ್ಲುಗಳನ್ನಲ್ಲವೇ ಮುಂದೆ ಮರಿನ್ ಹುಡುಗರು ಗುಡ್ಡಕ್ಕೆ ಒಯ್ದದ್ದು! ಹೀಗಾಗಿ ಅದೇ ಅಳತೆ ನಿಂತುಬಿಟ್ಟಿತು, ನಮ್ಮ ಪೇಟೆಯವರೆಗೂ ಬಂತು. ಈಗಿನ ದುಬಾರಿ ಸೈಕಲ್ಲುಗಳು 27.5 ಮತ್ತು 29 ಇಂಚಿಗೆ ಹೋಗಿವೆ. ಆದರೆ ಸಾಧಾರಣ ಸೈಕಲ್ಲಿನಲ್ಲಿ 26 ಇನ್ನೂ ನಡೆಯುತ್ತಿದೆ. ಹಳೇ ಸೈಕಲ್ಲು ಎಬ್ಬಿಸುವವರಿಗೆ ಅದೇ ಆಧಾರ.

ಮಿಸ್ತ್ರಿಯ ಕೈಗುಣ

ಹುಡುಗನ ಗುರು ಮುಂಡರಗಿಯ ಒಬ್ಬ ಮಿಸ್ತ್ರಿ. ಎಪ್ಪತ್ತು ದಾಟಿದೆ. ತಾಸಿಗಿಷ್ಟು ಎಂದು ಬಾಡಿಗೆ ಸೈಕಲ್ಲು ಕೊಡುತ್ತಿದ್ದ ಕಾಲದಿಂದ ಅದೇ ಮೂಲೆ, ಅದೇ ತಗಡಿನ ಶೆಡ್ಡು. ಸೈಕಲ್ಲಿಗೆ ತೆರಿಗೆಯ ಬಿಲ್ಲೆ ಕಟ್ಟಿಸುತ್ತಿದ್ದ ದಿನಗಳು ಅವರಿಗೆ ನೆನಪಿವೆ. ನಮಗೂ ಕೆಲವರಿಗೆ ನೆನಪಿರಬೇಕು. ಸರಕಾರ 2006-07ರಲ್ಲಿ ಎಂಟನೇ ಇಯತ್ತೆಯ ಮಕ್ಕಳಿಗೆ ಸೈಕಲ್ಲು ಕೊಡಲು ಶುರು ಮಾಡಿದಾಗ ಅಂಗಡಿಗೆ ಮತ್ತೆ ಕಳೆ ಬಂದಿತ್ತು. 2020ರಲ್ಲಿ ಕೊರೋನಾ ಬಂತು, ಅದು ನಿಂತಿತು, ಕೆಲಸವೂ ನಿಂತಿತು. ಈಗ ಹೊಟ್ಟೆ ತುಂಬಿಸುವುದು ಮೋಟಾರ್ ಸೈಕಲ್ಲಿನ ಪಂಚರು.

ಅವರ ಮುಂದೆ ಹಸಿರು ಸೈಕಲ್ಲನ್ನು ಇಟ್ಟಾಗ ನಾನೂ ಇದ್ದೆ. ಮೊದಲು ಅವರು ಟೈರು ನೋಡಲಿಲ್ಲ, ಬಣ್ಣ ನೋಡಲಿಲ್ಲ. ಹ್ಯಾಂಡಲ್ಲಿನ ಕೆಳಗೆ ಎರಡು ಪೈಪು ಕೂಡುವ ಜಾಗಕ್ಕೆ ಹೆಬ್ಬೆರಳು ಎಳೆದರು. ಅಲ್ಲಿ ಬಣ್ಣ ಕೂದಲೆಳೆಯಂತೆ ಬಿರುಕು ಬಿಟ್ಟಿದ್ದರೆ ಒಳಗೆ ಕಬ್ಬಿಣವೂ ಬಿಟ್ಟಿದೆ ಎಂದೇ ಅನುಮಾನ ಪಡಬೇಕಂತೆ. ಆಮೇಲೆ ಬಗಲಿಗೆ ನಿಂತು ಮುಂದಿನ ಫೋರ್ಕು ನೋಡಿದರು. ಹಿಂದಕ್ಕೆ ಬಾಗಿದ್ದರೆ ಯಾವುದಕ್ಕೋ ಗುದ್ದಿದ ಸೈಕಲ್ಲು. ಮೂರನೆಯದು ಸೀಟಿನ ಕಂಬ. ಜಂಗು ತಿಂದು ಹಿಡಿದುಕೊಂಡಿದ್ದರೆ ಎಣ್ಣೆ ಬಿಟ್ಟು ನಾಲ್ಕು ದಿನ ಸುಮ್ಮನಿರಬೇಕು. ಪಾನಾ ಹಾಕಿ ಜಗ್ಗಾಡಿದರೆ ಫ್ರೇಮೇ ಹೋಗುತ್ತದೆ.

ಈ ಮೂರೂ ಸರಿ ಇದ್ದರೆ ಉಳಿದದ್ದೆಲ್ಲ ರಿಪೇರಿ. ಹಿಂದಿನ ಹಬ್ಬಿಗೆ ಕಾಲಿಂಚಿನ ಬಾಲ್ಸು, ಬದಿಗೆ ಒಂಬತ್ತು. ಮುಂದಿನದಕ್ಕೆ ಸಣ್ಣವು, 3/16 ಇಂಚು, ಬದಿಗೆ ಹತ್ತು. ಎಲ್ಲ ಹೊಸವು ಹಾಕಿ, ಗ್ರೀಸು ತುಂಬಿ, ಕೋನು ಕೂಡಿಸುವಾಗ ಮಿಸ್ತ್ರಿ ಮಾತು ನಿಲ್ಲಿಸಿದರು. ಬೆರಳಲ್ಲೇ ತಿರುಗಿಸಿ, ಕಿವಿಗೊಟ್ಟು ಕೇಳಿ, ಕಾಲು ಸುತ್ತು ಹಿಂದೆ ಬಿಟ್ಟರು.

"ಬಿಗಿ ಮಾಡಿದ್ರ ಬಾಲ್ಸ್ ಅಳ್ತಾವ, ಸಡ್ಲ ಬಿಟ್ರ ಗಾಲಿ ಆಡ್ತದ. ಇದನ್ನ ಬಾಯಿಲೆ ಹೇಳಾಕ ಬರೂದಿಲ್ಲ. ಕೈಗೆ ತಿಳೀಬೇಕು" ಎಂದರು.

ಬ್ರೇಕಿನ ವಿಷಯಕ್ಕೆ ಹುಡುಗನಿಗೆ ಚೆನ್ನಾಗಿಯೇ ಬೈಗುಳ ಬಿತ್ತು. ಹಳೇ ಸೈಕಲ್ಲಿನ ರಿಮ್ಮು ಹೊಳಪು ಕೊಟ್ಟ ಉಕ್ಕಿನದು. ಒಣಗಿದ್ದಾಗ ಹಿಡಿಯುತ್ತದೆ, ನೀರು ಬಿದ್ದರೆ ರಬ್ಬರು ಜಾರುತ್ತದೆ. ಇಪ್ಪತ್ತು ವರ್ಷದ ರಬ್ಬರೋ, ಕಲ್ಲಿನಂತೆ ಬಿರುಸಾಗಿರುತ್ತದೆ. ತಂತಿಯ ಎಳೆ ಒಳಗೊಳಗೇ ಜಂಗು ತಿಂದಿರುತ್ತದೆ, ಮೇಲೆ ಕಾಣುವುದಿಲ್ಲ. ಅದಕ್ಕೇ ಹಳೇ ಸೈಕಲ್ಲು ಎಬ್ಬಿಸಿದರೆ ತಂತಿ, ರಬ್ಬರು ಎರಡನ್ನೂ ಕಣ್ಣುಮುಚ್ಚಿ ಬದಲಾಯಿಸಬೇಕು. ಗುಡ್ಡದ ಕಡೆ ಹೊಡೆಯುವವರು ಅಲ್ಯೂಮಿನಿಯಂ ರಿಮ್ಮು ಹಾಕಿಸುವುದು ಒಳ್ಳೆಯದು. ಮಳೆಯಲ್ಲಿ ಉಕ್ಕಿನದಕ್ಕಿಂತ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ.

ಗೇರಿನ ವಿಷಯದಲ್ಲಿ ಮಾತ್ರ ಹಳೆಯದೇ ಗೆದ್ದಿತು. ಆಗಿನ ಗೇರಿನ ಕಡ್ಡಿಗೆ ಟಕ್ ಟಕ್ ಎಂಬ ಹಲ್ಲಿಲ್ಲ. ಕೈಯಳತೆಯಲ್ಲಿ ಸರಿಸಿದಷ್ಟು ಸರಿಯುತ್ತದೆ. ಹೀಗಾಗಿ ಹಿಂದೆ ಯಾವ ಕಂಪನಿಯ ಗೇರು ಹಾಕಿದರೂ ಹೊಂದಿಕೊಳ್ಳುತ್ತದೆ. ಫ್ರೇಮು ಉಕ್ಕಿನದು, ಮುರಿದರೆ ಊರಿನ ವೆಲ್ಡಿಂಗಿನವನೂ ಹಚ್ಚಬಲ್ಲ. ಚೈನು, ಫ್ರೀವೀಲು, ಬಾಲ್ಸು ನಮ್ಮ ಪೇಟೆಯಲ್ಲೇ ಸಿಗುತ್ತವೆ. ಹಳೇ ಸೈಕಲ್ಲಿನ ನಿಜವಾದ ಬೆಲೆ ಇದೇ.

ಆದರೆ ಸಾಮಾನು ಇದ್ದರೆ ಸಾಲದು, ಕೂಡಿಸುವ ಕೈ ಬೇಕಲ್ಲ! ಬರುವ ಯುಗಾದಿಗೆ ಬಾಗಿಲು ಹಾಕುವ ವಿಚಾರ ಮಿಸ್ತ್ರಿಯವರದು. ಮಗ ಬೇರೆ ಉದ್ಯೋಗ ಹಿಡಿದಿದ್ದಾನೆ. ಅವರು ಎದ್ದು ಹೋದ ದಿನ ಕೋನಿನ ಆ ಕಾಲು ಸುತ್ತೂ ಅವರ ಜೊತೆ ಹೋಗುತ್ತದೆ. ಸದ್ಯಕ್ಕೆ ಅದನ್ನು ಕಲಿಯುತ್ತಿರುವವನು ಈ ಒಬ್ಬ ಹುಡುಗ, ವಾರಕ್ಕೊಂದು ದಿನ.

ಗುಡ್ಡಕ್ಕೂ ಕಾಯ್ದೆಯಿದೆ

ಸೈಕಲ್ಲು ತಯಾರಾಯಿತು ಎಂದುಕೊಳ್ಳೋಣ. ಹೊಡೆಯುವುದು ಎಲ್ಲಿ? ಬಿಂಕದಕಟ್ಟಿಯಿಂದ ಸಿಂಗಟಾಲೂರಿನವರೆಗೆ ಸುಮಾರು 63 ಕಿಲೋಮೀಟರು ಕಪ್ಪತಗುಡ್ಡ ಮಲಗಿದೆ. ಗಾಳಿಯಂತ್ರಗಳು ಬಸ್ಸಿನ ಕಿಡಿಕಿಯಿಂದಲೇ ಕಾಣುತ್ತವೆ. ಹುಡುಗರಿಗೆ ಕೈಕಾಲು ತುರಿಸುವುದು ಸಹಜ. ಆದರೆ 2019ರಿಂದ ಅದರ 244 ಚದರ ಕಿಲೋಮೀಟರು ವನ್ಯಜೀವಿ ಧಾಮ. ತೋಳ, ಕತ್ತೆಕಿರುಬ, ಚಿರತೆ ಇರುವ ಜಾಗ, ಔಷಧಿ ಗಿಡಗಳ ಜಾಗ. ಅಪ್ಪಣೆ ಇಲ್ಲದೆ ಒಳಹಾದಿಯಲ್ಲಿ ಸೈಕಲ್ಲು ನುಗ್ಗಿಸಿದರೆ ಅರಣ್ಯ ಇಲಾಖೆಯವರು ಹಿಡಿದರೆ ಅವರದೇನೂ ತಪ್ಪಿಲ್ಲ. ಈ ಗುಡ್ಡ ಉಳಿಯಲಿ ಎಂದು ಮಠದ ಸ್ವಾಮಿಗಳಾದಿಯಾಗಿ ಜಿಲ್ಲೆಯ ಜನ ಬೀದಿಗಿಳಿದದ್ದನ್ನು ಮರೆಯುವುದು ಬೇಡ.

ಹುಡುಗ ಈಗ ಅಂಚಿನ ಹಾದಿಗಳಲ್ಲೇ ಹೊಡೆಯುತ್ತಾನೆ. ಹೊತ್ತು ಮೂಡುವ ಮೊದಲು ಹೊರಟು ಡಂಬಳಕ್ಕೆ ಹೋಗುತ್ತಾನೆ. ನಕ್ಷತ್ರದ ಹಾಗೆ ಮೂಲೆಮೂಲೆಯಾಗಿ ಕಟ್ಟಿದ ದೊಡ್ಡಬಸಪ್ಪನ ಗುಡಿ, ಚಾಲುಕ್ಯರ ಕಾಲದ್ದು, ಅಲ್ಲಿ ಕೈ ಮುಗಿದು, ಕೆರೆಯ ದಂಡೆಗೆ ಕೂತು ಒಂದು ರೊಟ್ಟಿ ತಿಂದು ವಾಪಸ್ಸು. ಆಷಾಢದ ಗಾಳಿಗೆ ಎದುರಾದರೆ ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಂತೆ. ಮಸಾರಿ ಹಾದಿ ಚಂದ. ಎರಿ ಹೊಲದ ಹಾದಿ ಮಳೆ ಬಿದ್ದ ಮೇಲೆ ಬೇಡವೇ ಬೇಡ. ಗಾಲಿಗೆ ಮಣ್ಣು ಮೆತ್ತಿ ಸೈಕಲ್ಲು ಅಲುಗುವುದಿಲ್ಲ, ಹೊತ್ತೇ ತರಬೇಕು. ಜಾಲಿಮುಳ್ಳು, ನೆಗ್ಗಿಲಮುಳ್ಳಿಗೆ ಪಂಚರಿನ ಸಾಮಾನು, ಪಂಪು ಸದಾ ಜೊತೆಗೆ. ತಲೆಗೆ ಹೆಲ್ಮೆಟ್ಟು. ಅದು ತಾಯಿಯ ಶರತ್ತು.

ಹ್ಯಾಂಡಲ್ ಹಿಡಿದ ತಾಯಿ

ಇಪ್ಪತ್ತು ದಿನ ಬಿಟ್ಟು ಮತ್ತೆ ಹಿರೇವಡ್ಡಟ್ಟಿಗೆ ಹೋದೆ. ಹಸಿರು ಸೈಕಲ್ಲು ಅಂಗಳದಲ್ಲಿ ನಿಂತಿತ್ತು. ಬಣ್ಣ ಹಳೆಯದೇ, ಉಜ್ಜಿ ಎಣ್ಣೆ ಹಚ್ಚಿದ್ದ. "ಮಾವ ಹೊಸಾ ಬಣ್ಣಾ ಬ್ಯಾಡ ಅಂದಾರ" ಎಂದ. ಮಾವ ಈಗ ಪುಣೆಯಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿ ಕರ್ವೆನಗರದಲ್ಲಿ ವಿಕ್ರಮ ಪೆಂಡ್ಸೆ ಎಂಬುವರು ಹಳೇ ಸೈಕಲ್ಲುಗಳದೇ ಒಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ, 2017ರಲ್ಲಿ ತೆರೆದದ್ದು. ಅದನ್ನು ನೋಡಿ ಬಂದು ಅಳಿಯನಿಗೆ ಫೋನು ಮಾಡಿದರಂತೆ. ತಂಗಿ ತನ್ನ ಸೈಕಲ್ಲನ್ನು ತೂಕಕ್ಕೆ ಹಾಕಿದ್ದು ಅವರಿಗೆ ಇನ್ನೂ ಗೊತ್ತಿಲ್ಲ. ಈ ಪತ್ರಿಕೆ ಪುಣೆಗೆ ಹೋಗುವುದಿಲ್ಲ ಎಂಬ ಧೈರ್ಯದ ಮೇಲೆ ಬರೆದಿದ್ದೇನೆ.

ತಾಯಿ ಹೊರಗೆ ಬಂದರು. "ಬ್ರೇಕ್ ಹಿಡೀತಾವೇನು?" ಎಂದು ಕೇಳಿದರು.

ಮಗ ಹಿಂದಿನ ಗಾಲಿ ಎತ್ತಿ ಜೋರಾಗಿ ತಿರುಗಿಸಿ, "ನೀನ ನೋಡು" ಎಂದ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಹ್ಯಾಂಡಲ್ ಹಿಡಿದು ಒತ್ತಿದರು. ಗಾಲಿ ಗಕ್ಕನೆ ನಿಂತಿತು. ಮತ್ತೆ ತಿರುಗಿಸೆಂದರು. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ರಿಮ್ಮಿನ ಮೇಲೆ ಸುರಿದು ಮತ್ತೊಮ್ಮೆ ಒತ್ತಿದರು. ಆಗಲೂ ನಿಂತಿತು.

"ಆತು" ಎಂದರು. "ಹೊತ್ತು ಮುಣಗೂದ್ರಾಗ ಮನ್ಯಾಗ ಇರಬೇಕು."

ಅಷ್ಟೇ. ಪರೀಕ್ಷೆ ಪಾಸಾಯಿತು. ತಂಬಿಗೆ ನೀರಿನ ಆ ಉಪಾಯ ಮಿಸ್ತ್ರಿಗೂ ಹೊಳೆದಿರಲಿಲ್ಲ.

ಓದುಗ ಬಾಂಧವರೇ, ನಿಮ್ಮ ಅಟ್ಟದ ಮೇಲೆ, ಅಂಗಡಿಯ ಹಿಂದೆ, ಗೋದಾಮಿನ ಮೂಲೆಯಲ್ಲಿ ಇಂಥದೊಂದು ದಪ್ಪ ಟೈರಿನ ಸೈಕಲ್ಲು ಇದ್ದೇ ಇರುತ್ತದೆ. ಮೋಡಕಾದವನಿಗೆ ಕೂಗು ಹಾಕುವ ಮೊದಲು ಕೆಳಗಿಳಿಸಿ, ಹ್ಯಾಂಡಲ್ಲಿನ ಕೆಳಗೆ ಹೆಬ್ಬೆರಳು ಎಳೆದು ನೋಡಿ. ಬಿರುಕು ಇರದಿದ್ದರೆ ನಿಮ್ಮೂರಿನ ಮಿಸ್ತ್ರಿಯ ಹತ್ತಿರ ಒಯ್ಯಿರಿ. ಅವರು ಇನ್ನೂ ಅಂಗಡಿ ತೆಗೆದುಕೊಂಡು ಕೂತಿರುವಾಗಲೇ ಒಯ್ಯಿರಿ. ಏನಂತೀರಿ?